ಹಳೆಯ ಅವಶೇಷದ ಕಾಲವನ್ನು ಕಂಡುಕೊಳ್ಳುವ ಬಗೆ

ಅಗೆತದಲ್ಲಿ ಒಂದು ಒಲೆಯ ಗುಂಡಿ ಸಿಗುತ್ತದೆ, ಅದರೊಳಗೆ ಇದ್ದಿಲಿರುತ್ತದೆ. ಇದ್ದಿಲನ್ನು ಪ್ರಯೋಗಾಲಯಕ್ಕೆ ಕಳುಹಿಸಿದರೆ ಒಲೆಯ ಕಾಲ ತಿಳಿಯುತ್ತದೆ ಎಂದು ಹೊಸದಾಗಿ ಈ ವಿಷಯಕ್ಕೆ ಬಂದವರು ಭಾವಿಸುವುದು ಸಹಜ. ಪ್ರಯೋಗಾಲಯಕ್ಕೆ ಒಲೆಯ ವಿಚಾರವೇ ಗೊತ್ತಿರುವುದಿಲ್ಲ. ಇದ್ದಿಲಾಗಿರುವ ಆ ಮರದ ತುಣುಕು ಗಾಳಿಯ ಇಂಗಾಲವನ್ನು ಹೀರುವುದನ್ನು ಯಾವಾಗ ನಿಲ್ಲಿಸಿತು ಎಂಬುದನ್ನಷ್ಟೇ ಅದು ಹೇಳಬಲ್ಲದು. ಒಲೆ ಉರಿದದ್ದು ಅದೇ ವರ್ಷವಿರಬಹುದು, ಇನ್ನೂರು ಮುನ್ನೂರು ವರ್ಷಗಳ ನಂತರವೂ ಇರಬಹುದು. ಈ ಎರಡು ಘಟನೆಗಳನ್ನು ಒಂದಕ್ಕೊಂದು ಜೋಡಿಸುವ ಕೆಲಸ ಯಂತ್ರದ್ದಲ್ಲ, ಅಗೆದವರದು. ಕಾಲನಿರ್ಣಯವನ್ನು ಸರಿಯಾಗಿ ಮಾಡುವುದೆಂದರೆ ಈ ಜೋಡಣೆಯನ್ನು ಎಚ್ಚರದಿಂದ ಮಾಡುವುದು. ಈ ಬರಹ ಅದರ ಕ್ರಮವನ್ನು, ನೆಲವನ್ನು ಮುಟ್ಟುವ ಮೊದಲಿನಿಂದ ಫಲಿತಾಂಶವನ್ನು ಓದುವವರೆಗೆ, ವಿವರಿಸುತ್ತದೆ.

ಆದ್ದರಿಂದ ಯಾವ ವಿಧಾನವನ್ನು ಬಳಸುವ ಮೊದಲೂ ಕೇಳಿಕೊಳ್ಳಬೇಕಾದ ಪ್ರಶ್ನೆ ಒಂದೇ: ಇದರ ಗಡಿಯಾರ ಓಡಲು ತೊಡಗಿದ್ದು ಯಾವ ಕ್ಷಣದಲ್ಲಿ? ರೇಡಿಯೊಕಾರ್ಬನ್ ವಿಧಾನದಲ್ಲಿ ಗಡಿಯಾರ ಓಡತೊಡಗುವುದು ಜೀವಿ ಸತ್ತಾಗ. ಕಾಯಿಸಿದಾಗ ಹೊಮ್ಮುವ ಬೆಳಕನ್ನು ಅಳೆಯುವ ತಾಪದೀಪ್ತಿಯಲ್ಲಿ ಅದು ಮಡಕೆ ಆವಿಗೆಯಲ್ಲಿ ಕೊನೆಯ ಬಾರಿ ಕಾದಾಗ. ಬೆಳಕಿನಿಂದ ಪ್ರಚೋದಿಸುವ ದೀಪ್ತಿ ವಿಧಾನದಲ್ಲಿ ಮರಳಿನ ಕಣ ಕೊನೆಯ ಬಾರಿ ಬಿಸಿಲು ಕಂಡಾಗ. ಪೊಟ್ಯಾಸಿಯಮ್–ಆರ್ಗಾನ್ ವಿಧಾನದಲ್ಲಿ ಲಾವಾ ಅಥವಾ ಬೂದಿ ತಣಿದು ಗಟ್ಟಿಯಾದಾಗ. ನಿಮಗೆ ಬೇಕಾದ ಮಾನವ ಘಟನೆ, ಅಂದರೆ ಮನೆ ಕಟ್ಟಿದ್ದು, ಹೆಣ ಹೂಳಿದ್ದು, ಚಿತ್ರ ಬರೆದದ್ದು, ಇವುಗಳಲ್ಲಿ ಯಾವುದಕ್ಕೆ ಅತಿ ಹತ್ತಿರವಿದೆ ಎಂಬುದನ್ನು ಗುರುತಿಸಿದರೆ ಅರ್ಧ ಕೆಲಸ ಮುಗಿದಂತೆ.

ಅಗೆಯುವ ಮೊದಲು ನೋಡುವುದು

ಅಗೆತವೆಂದರೆ ಸಾಕ್ಷ್ಯವನ್ನು ಓದುತ್ತಲೇ ಅಳಿಸುವ ಕೆಲಸ. ಒಮ್ಮೆ ತೆಗೆದ ಪದರವನ್ನು ಮತ್ತೆ ಅದೇ ಸ್ಥಿತಿಗೆ ತರಲಾಗದು. ಹಾಗಾಗಿ ಗುದ್ದಲಿ ಹಿಡಿಯುವ ಮೊದಲು ನೆಲವನ್ನು ಮುಟ್ಟದೆ ನೋಡುವ ವಿಧಾನಗಳನ್ನು ಬಳಸಿಕೊಳ್ಳಬೇಕು. ವಿಮಾನದಿಂದ ಲೇಸರ್ ಕಿರಣಗಳನ್ನು ಹರಿಸಿ ನೆಲದ ಏರಿಳಿತವನ್ನು ಅಳೆಯುವ ಲೈಡಾರ್, ದಟ್ಟ ಕಾಡಿನ ಎಲೆಗಳ ಸಂದಿಯಿಂದ ತೂರಿ ನೆಲಕ್ಕೆ ತಲುಪುವ ಕಿರಣಗಳನ್ನು ಆಯ್ದು ಮರಗಳಿಲ್ಲದ ನಕ್ಷೆಯನ್ನು ಕೊಡುತ್ತದೆ. 2009ರಲ್ಲಿ ಬೆಲೀಜ್ ದೇಶದ ಕಾರಕೋಲ್ ಎಂಬ ಮಾಯಾ ನಗರದ ಮೇಲೆ, 2012ರಲ್ಲಿ ಕಾಂಬೋಡಿಯದ ಅಂಕೋರ್ ಸುತ್ತಮುತ್ತ ಈ ಸಮೀಕ್ಷೆ ನಡೆದಾಗ, ಕಾಲ್ನಡಿಗೆಯಲ್ಲಿ ದಶಕಗಳು ಹಿಡಿಯಬಹುದಾದ ಕೆಲಸ ಕೆಲವೇ ದಿನಗಳ ಹಾರಾಟದಲ್ಲಿ ಸಾಧ್ಯವಾಯಿತು. ಬಯಲಾದರೆ ಕಾಂತಮಾಪಕ ಒಳ್ಳೆಯದು; ಸುಟ್ಟ ಮಣ್ಣು, ಆವಿಗೆ, ತುಂಬಿಹೋದ ಕಂದಕ ಇವು ಸುತ್ತಲಿನ ಮಣ್ಣಿಗಿಂತ ಬೇರೆಯಾದ ಕಾಂತಗುಣವನ್ನು ತೋರಿಸುತ್ತವೆ. ಕಲ್ಲಿನ ಗೋಡೆಗಳನ್ನು ಹುಡುಕಲು ನೆಲದೊಳಗೆ ರೇಡಿಯೊ ಅಲೆಗಳನ್ನು ಕಳುಹಿಸುವ ರೇಡಾರ್ ಹೆಚ್ಚು ಸ್ಪಷ್ಟವಾಗಿ ಕಾಣಿಸುತ್ತದೆ, ಆದರೆ ಹಸಿ ಜೇಡಿಮಣ್ಣಿನಲ್ಲಿ ಅದರ ಅಲೆಗಳು ಬೇಗ ಕುಂದುತ್ತವೆ. ಈ ಉಪಕರಣಗಳು ಎಲ್ಲಿ ಅಗೆಯಬೇಕು ಎಂಬುದನ್ನು ಹೇಳುತ್ತವೆ, ಕಾಲವನ್ನು ಹೇಳುವುದಿಲ್ಲ.

ಪದರವೇ ಮೊದಲ ಗಡಿಯಾರ

ಕದಡದ ನೆಲದಲ್ಲಿ ಕೆಳಗಿನ ಪದರ ಮೇಲಿನದಕ್ಕಿಂತ ಹಳೆಯದು. ಇಷ್ಟು ಸರಳವಾದ ನಿಯಮದ ಮೇಲೆ ಉಳಿದೆಲ್ಲ ವಿಧಾನಗಳೂ ನಿಂತಿವೆ. ಇದು ವರ್ಷಗಳ ಲೆಕ್ಕವನ್ನು ಕೊಡುವುದಿಲ್ಲ, ಹಿಂದುಮುಂದಿನ ಕ್ರಮವನ್ನು ಮಾತ್ರ ಕೊಡುತ್ತದೆ. ಆದರೂ ಪ್ರಯೋಗಾಲಯದ ಅಂಕಿಯೊಂದು ಪದರಗಳ ಕ್ರಮಕ್ಕೆ ಹೊಂದದಿದ್ದರೆ, ಅಂಕಿಯನ್ನೂ ಮಾದರಿ ಸಿಕ್ಕ ಜಾಗವನ್ನೂ ಒಟ್ಟಿಗೆ ಮರುಪರಿಶೀಲಿಸಬೇಕಾಗುತ್ತದೆ. ಆದ್ದರಿಂದ ಪ್ರತಿ ಪದರಕ್ಕೂ ಪ್ರತ್ಯೇಕ ಸಂಖ್ಯೆ ಕೊಡಿ. ಮಣ್ಣಿನ ಬಣ್ಣ, ಹದ, ತೇವ, ಅದರಲ್ಲಿ ಬೆರೆತ ವಸ್ತುಗಳನ್ನು ಬರೆದಿಡಿ. ಯಾವ ಗುಂಡಿ ಯಾವ ಪದರವನ್ನು ಕೊರೆದುಕೊಂಡು ಇಳಿದಿದೆ, ಯಾವುದನ್ನು ಯಾವುದು ಮುಚ್ಚಿದೆ ಎಂಬುದನ್ನು ರೇಖಾಚಿತ್ರದಲ್ಲಿ ದಾಖಲಿಸಿ. ಇಂತಹ ಸಂಬಂಧಗಳನ್ನು ಒಂದೇ ನಕ್ಷೆಯಲ್ಲಿ ತೋರಿಸುವ ಕ್ರಮವನ್ನು 1973ರಲ್ಲಿ ಎಡ್ವರ್ಡ್ ಹ್ಯಾರಿಸ್ ರೂಪಿಸಿದರು. ಇಂದಿಗೂ ಅದೇ ಬಳಕೆಯಲ್ಲಿದೆ. ಇಲಿ ಹೆಗ್ಗಣಗಳ ಬಿಲ, ಮರದ ಬೇರು, ಎರೆಹುಳು, ನೀರಿನ ಬಿರುಕು ಇವು ಚಿಕ್ಕ ಕಾಳು ಅಥವಾ ಇದ್ದಿಲಿನ ಹುಡಿಯನ್ನು ಮೇಲಿನಿಂದ ಕೆಳಕ್ಕೆ ಸುಲಭವಾಗಿ ಸಾಗಿಸಬಲ್ಲವು. ಮಾದರಿ ತೆಗೆಯುವ ಜಾಗದ ಸುತ್ತ ಇಂತಹ ಗುರುತುಗಳಿವೆಯೇ ಎಂದು ನೋಡದೆ ಮುಂದುವರಿಯಬಾರದು.

ಒಂದೇ ಪದರದಲ್ಲಿ ಸಿಕ್ಕ ಎರಡು ಮೂಳೆಗಳು ನಿಜಕ್ಕೂ ಒಂದೇ ಕಾಲದವೇ ಎಂಬುದನ್ನು ರಸಾಯನವೂ ಪರೀಕ್ಷಿಸಬಲ್ಲದು. ನೆಲದಲ್ಲಿ ಹೂತ ಮೂಳೆ ಅಂತರ್ಜಲದಿಂದ ನಿಧಾನವಾಗಿ ಫ್ಲೋರಿನ್ ಅನ್ನು ಹೀರಿಕೊಳ್ಳುತ್ತದೆ. ಒಂದೇ ಜಾಗದಲ್ಲಿ ಒಂದೇ ಕಾಲ ಇದ್ದ ಮೂಳೆಗಳಲ್ಲಿ ಅದರ ಪ್ರಮಾಣ ಹತ್ತಿರಹತ್ತಿರ ಇರಬೇಕು. ಇಂಗ್ಲೆಂಡಿನ ಪಿಲ್ಟ್‌ಡೌನ್‌ನಲ್ಲಿ ಸಿಕ್ಕಿತೆಂದು 1912ರಲ್ಲಿ ಪ್ರಕಟಿಸಲಾದ 'ಆದಿಮಾನವ'ನ ತಲೆಬುರುಡೆಯ ಮೇಲೆ ಕೆನೆತ್ ಓಕ್ಲಿ 1949ರಲ್ಲಿ ಈ ಪರೀಕ್ಷೆ ಮಾಡಿದಾಗ, ಹೇಳಲಾಗಿದ್ದ ಪ್ರಾಚೀನತೆ ಅದಕ್ಕಿಲ್ಲವೆಂದು ಕಂಡಿತು. 1953ರಲ್ಲಿ ಇನ್ನಷ್ಟು ಸೂಕ್ಷ್ಮ ಪರೀಕ್ಷೆಗಳು ನಡೆದು, ಮನುಷ್ಯನ ಬುರುಡೆಗೆ ಒರಾಂಗುಟಾನ್ ದವಡೆಯನ್ನು ಬಣ್ಣ ಹಚ್ಚಿ ಹೊಂದಿಸಿದ ಮೋಸ ಬಯಲಾಯಿತು. ಮಾನವ ವಿಕಾಸದ ಅಧ್ಯಯನವನ್ನು ನಲವತ್ತು ವರ್ಷ ದಾರಿ ತಪ್ಪಿಸಿದ ಸುಳ್ಳು ಅದು.

ರೇಡಿಯೊಕಾರ್ಬನ್: ಮಾದರಿಯನ್ನು ಆರಿಸುವುದು

ಅತಿ ಹೆಚ್ಚು ಬಳಕೆಯಲ್ಲಿರುವ, ಹಾಗೆಯೇ ಅತಿ ಹೆಚ್ಚು ತಪ್ಪಾಗಿ ಓದಲಾಗುವ ವಿಧಾನ ಇದು. ಇದರ ಮೇಲೆ ಹೆಚ್ಚು ಹೊತ್ತು ನಿಲ್ಲುವುದು ಅಗತ್ಯ. ಅಂತರಿಕ್ಷದಿಂದ ಬರುವ ವಿಶ್ವಕಿರಣಗಳು ವಾತಾವರಣದ ಮೇಲ್ಭಾಗದಲ್ಲಿ ನ್ಯೂಟ್ರಾನುಗಳನ್ನು ಚಿಮ್ಮಿಸುತ್ತವೆ. ಅವು ನೈಟ್ರೋಜನ್ ಪರಮಾಣುವಿಗೆ ಬಡಿದು ಅದನ್ನು ಇಂಗಾಲ-14, ಅಂದರೆ ರೇಡಿಯೊಕಾರ್ಬನ್ ಆಗಿ ಮಾರ್ಪಡಿಸುತ್ತವೆ. ಗಾಳಿಯಲ್ಲಿರುವ ಸುಮಾರು ಒಂದು ಲಕ್ಷ ಕೋಟಿ ಇಂಗಾಲದ ಪರಮಾಣುಗಳಲ್ಲಿ ಒಂದು ಮಾತ್ರ ಈ ಬಗೆಯದು. ಸಸ್ಯಗಳು ಗಾಳಿಯಿಂದ, ಪ್ರಾಣಿಗಳು ಸಸ್ಯಗಳಿಂದ ಇದನ್ನು ಪಡೆಯುತ್ತವೆ. ಜೀವವಿರುವಷ್ಟು ಕಾಲ, ಕ್ಷಯಿಸಿ ಅಂದರೆ ತಾನಾಗಿ ಬೇರೆ ಪರಮಾಣುವಾಗಿ ಮಾರ್ಪಟ್ಟು ಕಡಿಮೆಯಾದದ್ದು ತುಂಬಿಕೊಳ್ಳುತ್ತಿರುತ್ತದೆ. ಸತ್ತ ಮೇಲೆ ತುಂಬುವುದು ನಿಂತು ಕ್ಷಯ ಮಾತ್ರ ಮುಂದುವರಿಯುತ್ತದೆ. 5,730 ವರ್ಷಗಳಲ್ಲಿ ಅರ್ಧ, ಅದರ ಎರಡರಷ್ಟು ಕಾಲದಲ್ಲಿ ಕಾಲು ಪಾಲು ಉಳಿಯುತ್ತದೆ. 50,000 ವರ್ಷಗಳ ಹೊತ್ತಿಗೆ ಮೊದಲಿದ್ದದ್ದರ ಸುಮಾರು 400ರಲ್ಲಿ ಒಂದು ಪಾಲು ಮಾತ್ರ ಉಳಿದಿರುತ್ತದೆ. ಈ ವಿಧಾನದ ಎಲ್ಲೆ ಅಲ್ಲೇ. ಷಿಕಾಗೊ ವಿಶ್ವವಿದ್ಯಾನಿಲಯದ ವಿಲರ್ಡ್ ಲಿಬಿ ಮತ್ತು ಅವರ ಸಹೋದ್ಯೋಗಿಗಳು 1949ರಲ್ಲಿ ಈಗಾಗಲೇ ಕಾಲ ಗೊತ್ತಿದ್ದ ವಸ್ತುಗಳ ಮೇಲೆ, ಈಜಿಪ್ಟಿನ ದೊರೆ ಜೋಸರನ ಗೋರಿಯ ಮರವೂ ಸೇರಿದಂತೆ, ಇದನ್ನು ಪರೀಕ್ಷಿಸಿ ತೋರಿಸಿದರು. ಗೊತ್ತಿರುವುದರ ಮೇಲೆ ಪರೀಕ್ಷಿಸಿದ ನಂತರವೇ ಗೊತ್ತಿಲ್ಲದ್ದಕ್ಕೆ ಕೈಹಾಕಿದ ಆ ಕ್ರಮ ಇಂದಿಗೂ ಮಾದರಿಯಾಗುವಂಥದ್ದು. 1960ರಲ್ಲಿ ಲಿಬಿಗೆ ರಸಾಯನ ವಿಜ್ಞಾನದ ನೊಬೆಲ್ ಬಂದಿತು.

ಮಾದರಿಯನ್ನು ಆರಿಸುವಾಗ ಅಲ್ಪಾಯುಷಿಗಳಿಗೆ ಮೊದಲ ಸ್ಥಾನ ಕೊಡಿ. ಸುಟ್ಟು ಕರಿಕಾದ ಧಾನ್ಯದ ಕಾಳು, ಬೀಜ, ಸಣ್ಣ ರೆಂಬೆ, ಹಣ್ಣಿನ ಸಿಪ್ಪೆ ಇವು ಒಂದೋ ಎರಡೋ ವರ್ಷಗಳಲ್ಲಿ ಬೆಳೆದವು. ಇವು ಸತ್ತ ಕಾಲವೂ ಬಳಕೆಯಾದ ಕಾಲವೂ ಬಹುಮಟ್ಟಿಗೆ ಒಂದೇ. ದೊಡ್ಡ ತೊಲೆಯ ಇದ್ದಿಲು ಹಾಗಲ್ಲ. ಮರ ನೂರಾರು ವರ್ಷ ಬದುಕಿದರೂ ಅದರ ತಿರುಳಿನ ಉಂಗುರಗಳು ಗಾಳಿಯೊಂದಿಗಿನ ವಿನಿಮಯವನ್ನು ತಾವು ಬೆಳೆದ ವರ್ಷವೇ ಮುಗಿಸಿರುತ್ತವೆ. ಮುನ್ನೂರು ವರ್ಷದ ಮರದ ತಿರುಳಿನ ತುಂಡು, ಮರ ಕಡಿದ ದಿನವೇ ಮುನ್ನೂರು ವರ್ಷ ಹಳೆಯದು. ಮೇಲಾಗಿ ಒಳ್ಳೆಯ ತೊಲೆಯನ್ನು ಹಳೆಯ ಮನೆಯಿಂದ ಬಿಚ್ಚಿ ಹೊಸ ಮನೆಗೆ ಹಾಕುವುದು ಎಲ್ಲ ಕಾಲದಲ್ಲೂ ಇದ್ದ ವಾಡಿಕೆ. ಇದ್ದಿಲಲ್ಲದೆ ಬೇರೇನೂ ಸಿಗದಿದ್ದಾಗ, ಮರದ ಜಾತಿಯನ್ನು ಸೂಕ್ಷ್ಮದರ್ಶಕದಲ್ಲಿ ಗುರುತಿಸಿ, ತೊಗಟೆಗೆ ಹತ್ತಿರವಿರುವ ಉಂಗುರವನ್ನು ಆರಿಸಬೇಕು.

ತೆಗೆಯುವ ರೀತಿಯೂ ಮುಖ್ಯ. ಬರಿಗೈಯಲ್ಲಿ ಮುಟ್ಟದೆ ಚಿಮಟ ಅಥವಾ ಕರಣೆಯ ತುದಿಯಿಂದ ಎತ್ತಿ ಅಲ್ಯೂಮಿನಿಯಂ ಹಾಳೆಯಲ್ಲಿ ಸುತ್ತಿ, ನಂತರ ಚೀಲಕ್ಕೆ ಹಾಕಿ ಪದರದ ಸಂಖ್ಯೆ, ಆಳ, ದಿನಾಂಕಗಳನ್ನು ಬರೆಯಿರಿ. ಹತ್ತಿ, ಕಾಗದ, ಅಂಟು, ಮೂಳೆ ಗಟ್ಟಿಮಾಡಲು ಸವರುವ ರಾಸಾಯನಿಕ ಇವೆಲ್ಲವೂ ಇಂಗಾಲವೇ. ಒಂದನ್ನೂ ಮಾದರಿಗೆ ತಾಗಿಸಬಾರದು. ಇದೊಂದು ಅತಿ ಎಚ್ಚರವೆಂದು ತೋರಿದರೆ ಈ ಲೆಕ್ಕವನ್ನು ಗಮನಿಸಿ: ಇಂಗಾಲ-14 ಪೂರ್ತಿ ಬರಿದಾದ, ಲಕ್ಷಾಂತರ ವರ್ಷ ಹಳೆಯ ವಸ್ತುವಿನಲ್ಲಿ ಶೇಕಡ 1ರಷ್ಟು ಇಂದಿನ ಇಂಗಾಲ ಬೆರೆತರೆ ಸಾಕು, ಅದು ಸುಮಾರು 37,000 ವರ್ಷದ್ದೆಂದು ಓದುತ್ತದೆ. ಮಾದರಿ ಹಳೆಯದಾದಷ್ಟೂ ಹೊಸ ಕೊಳೆಯ ಪರಿಣಾಮ ದೊಡ್ಡದು. ಪ್ರಯೋಗಾಲಯದಲ್ಲಿ ಮೊದಲು ಆಮ್ಲ, ನಂತರ ಕ್ಷಾರ, ಮತ್ತೆ ಆಮ್ಲದಲ್ಲಿ ತೊಳೆದು ಮಣ್ಣಿನ ಸುಣ್ಣವನ್ನೂ ಕೊಳೆತ ಸಸ್ಯಗಳಿಂದ ಬಂದ ಹ್ಯೂಮಿಕ್ ಆಮ್ಲವನ್ನೂ ತೆಗೆಯುತ್ತಾರೆ. ಮೂಳೆಯಾದರೆ ಅದರ ಕೊಲಾಜೆನ್ ಎಂಬ ಪ್ರೋಟೀನನ್ನು ಮಾತ್ರ ಬೇರ್ಪಡಿಸಿ, ಅದರಲ್ಲಿ ಇಂಗಾಲಕ್ಕೂ ನೈಟ್ರೋಜನ್‌ಗೂ ಇರುವ ಅನುಪಾತ 2.9ರಿಂದ 3.6ರ ಒಳಗಿದೆಯೇ ಎಂದು ನೋಡುತ್ತಾರೆ. ಆ ಮಿತಿಯ ಹೊರಗಿದ್ದರೆ ಕೊಲಾಜೆನ್ ಕೆಟ್ಟಿದೆ ಎಂದರ್ಥ. ಅಂತಹ ಮೂಳೆಯಿಂದ ಬಂದ ಅಂಕಿಯನ್ನು ನಂಬಲಾಗದು. ವರದಿಯಲ್ಲಿ ಈ ಅನುಪಾತವನ್ನು ಕೊಟ್ಟಿಲ್ಲದಿದ್ದರೆ ಕೇಳಿ ಪಡೆಯಬೇಕು.

ಮೊದಲಿಗೆ ಕ್ಷಯಿಸುವ ಪರಮಾಣುಗಳ ಸದ್ದನ್ನು ದಿನಗಟ್ಟಲೆ ಎಣಿಸಬೇಕಿತ್ತು, ಅದಕ್ಕೆ ಗ್ರಾಂಗಟ್ಟಲೆ ಇಂಗಾಲ ಬೇಕಿತ್ತು. ವೇಗವರ್ಧಕ ಬಳಸಿ ಪರಮಾಣುಗಳನ್ನೇ ನೇರವಾಗಿ ಎಣಿಸುವ ವಿಧಾನ 1970ರ ದಶಕದ ಕೊನೆಯಲ್ಲಿ ಬಂದ ಮೇಲೆ ಒಂದು ಮಿಲಿಗ್ರಾಂನಷ್ಟು ಇಂಗಾಲವೂ ಸಾಕಾಯಿತು. ಒಂದೇ ಕಾಳನ್ನು ಪರೀಕ್ಷಿಸಲು ಸಾಧ್ಯವಾದದ್ದು ಇದರಿಂದ. 1988ರಲ್ಲಿ, ಯೇಸುವಿನದೆಂದು ಅನೇಕರು ನಂಬುವ ಟ್ಯೂರಿನ್ನಿನ ಹೆಣದ ಹೊದಿಕೆಯ ಪುಟ್ಟ ತುಣುಕುಗಳನ್ನು ಆಕ್ಸ್‌ಫರ್ಡ್, ಜ್ಯೂರಿಕ್ ಮತ್ತು ಅರಿಜೋನಾದ ಮೂರು ಪ್ರಯೋಗಾಲಯಗಳು ಪ್ರತ್ಯೇಕವಾಗಿ ಪರೀಕ್ಷಿಸಿ, ಆ ನಾರುಬಟ್ಟೆ ಕ್ರಿ.ಶ. 1260ರಿಂದ 1390ರ ನಡುವಿನದೆಂದು ಹೇಳಿದ್ದು ಇದೇ ವಿಧಾನದಿಂದ.

ಬಂದ ಅಂಕಿಯನ್ನು ಓದುವುದು

ಪ್ರಯೋಗಾಲಯದ ಪತ್ರದಲ್ಲಿ '2450 ± 30' ಎಂಬಂಥ ಅಂಕಿ, ಅಂದರೆ 'ಇಂದಿನಿಂದ' ಇಷ್ಟು ವರ್ಷ ಹಿಂದೆ ಎಂಬ ಲೆಕ್ಕ, ಇರುತ್ತದೆ. ಇದನ್ನು ಇಂದಿನ ವರ್ಷದಿಂದ ಕಳೆದು ಕ್ರಿಸ್ತಪೂರ್ವ ವರ್ಷವನ್ನು ಬರೆದುಬಿಡುವುದು ದೊಡ್ಡ ತಪ್ಪು. ಇಲ್ಲಿ 'ಇಂದು' ಎಂದರೆ 1950. ± ನಂತರದ 30 ಎಂದರೆ ನಿಜವಾದ ಅಳತೆ ಆ ಹರವಿನೊಳಗೆ ಇರುವ ಸಂಭವ ಶೇಕಡ 68 ಮಾತ್ರ. ಶೇಕಡ 95ರ ಭರವಸೆ ಬೇಕಾದರೆ ಹರವನ್ನು ಎರಡರಷ್ಟು ಮಾಡಬೇಕು. ಮೇಲಾಗಿ ಇದು ಇನ್ನೂ ಪಂಚಾಂಗದ ವರ್ಷವೇ ಅಲ್ಲ. ವಾತಾವರಣದಲ್ಲಿ ಇಂಗಾಲ-14ರ ಪ್ರಮಾಣ ಎಲ್ಲ ಕಾಲದಲ್ಲೂ ಒಂದೇ ಸಮ ಇರಲಿಲ್ಲ. ಸೂರ್ಯನ ಚಟುವಟಿಕೆ, ಭೂಮಿಯ ಕಾಂತಕ್ಷೇತ್ರ ಬದಲಾದಂತೆ ಅದೂ ಏರಿಳಿದಿದೆ. ಕಾಲ ಖಚಿತವಾಗಿ ಗೊತ್ತಿರುವ ಮರದ ಉಂಗುರಗಳು, ಕೆರೆಯ ತಳದ ಕೆಸರು, ಗುಹೆಯ ಸುಣ್ಣದ ಪದರ ಇವುಗಳಿಂದ ಆ ಏರಿಳಿತವನ್ನು ಪತ್ತೆಮಾಡಿ ತಿದ್ದುಪಡಿಯ ರೇಖೆಯೊಂದನ್ನು ಸಿದ್ಧಪಡಿಸಿದ್ದಾರೆ. 2020ರಲ್ಲಿ ಪ್ರಕಟವಾದ ಇಂಟ್‌ಕ್ಯಾಲ್20 ಎಂಬ ರೇಖೆ ಉತ್ತರಾರ್ಧಗೋಳಕ್ಕೆ 55,000 ವರ್ಷಗಳವರೆಗೆ ಅನ್ವಯಿಸುತ್ತದೆ. ದಕ್ಷಿಣಾರ್ಧಗೋಳಕ್ಕೂ ಸಮುದ್ರಕ್ಕೂ ಬೇರೆ ರೇಖೆಗಳಿವೆ. ಆಕ್ಸ್‌ಕ್ಯಾಲ್‌ನಂತಹ ತಂತ್ರಾಂಶ ಈ ತಿದ್ದುಪಡಿಯನ್ನು ಮಾಡಿಕೊಡುತ್ತದೆ.

ಈ ರೇಖೆ ಎಲ್ಲ ಕಡೆ ಒಂದೇ ಇಳಿಜಾರಿನಲ್ಲಿಲ್ಲ. ಸುಮಾರು ಕ್ರಿ.ಪೂ. 800ರಿಂದ 400ರವರೆಗೆ ಅದು ಬಹುತೇಕ ಚಪ್ಪಟೆಯಾಗಿದೆ. ಮೇಲೆ ಹೇಳಿದ 2450 ± 30 ಬೀಳುವುದು ಅಲ್ಲಿಯೇ. ಎಷ್ಟು ನಿಖರವಾಗಿ ಅಳೆದರೂ ತಿದ್ದಿದ ಕಾಲ ಮೂರು ನಾಲ್ಕು ಶತಮಾನಗಳಷ್ಟು ಅಗಲವಾಗಿ ಹರಡುತ್ತದೆ. ಆಗ ಒಂದೇ ಮಾದರಿಯನ್ನು ಮತ್ತೆ ಮತ್ತೆ ಅಳೆಯುವುದರಿಂದ ಪ್ರಯೋಜನವಿಲ್ಲ. ಒಂದರ ಮೇಲೊಂದಿರುವ ಹಲವು ಪದರಗಳಿಂದ ಮಾದರಿ ತೆಗೆದು, ಅವುಗಳ ಕ್ರಮವನ್ನೂ ಲೆಕ್ಕಕ್ಕೆ ಸೇರಿಸಿದರೆ, ಬೇಯಸ್ ಸಂಭವನೀಯತೆಯ ಗಣಿತ ಆ ಹರವನ್ನು ಕಿರಿದಾಗಿಸುತ್ತದೆ. ಅಗೆತದ ದಿನ ಪದರದ ಕ್ರಮವನ್ನು ಶ್ರದ್ಧೆಯಿಂದ ಬರೆದಿಟ್ಟವರಿಗೆ ಮಾತ್ರ ಈ ದಾರಿ ತೆರೆದಿರುತ್ತದೆ.

ಇನ್ನೊಂದು ತೊಡಕು ನೀರಿನದು. ಸಮುದ್ರದ ಆಳದ ನೀರು ನೂರಾರು ವರ್ಷ ಗಾಳಿಯ ಸಂಪರ್ಕವಿಲ್ಲದೆ ಇದ್ದು ಮೇಲೆ ಬರುವುದರಿಂದ ಸಮುದ್ರದ ಜೀವಿಗಳು ಹುಟ್ಟುವಾಗಲೇ ಸರಾಸರಿ ಸುಮಾರು 400 ವರ್ಷ ಹಳೆಯವಂತೆ ಕಾಣುತ್ತವೆ. ಅವುಗಳನ್ನು ತಿಂದವರ ಮೂಳೆಗೂ ಆ ಹುಸಿ ಹಳೆತನ ಸೇರುತ್ತದೆ. ಇಂಗ್ಲೆಂಡಿನ ಲೆಸ್ಟರ್ ನಗರದ ವಾಹನ ನಿಲ್ದಾಣವೊಂದರ ಅಡಿಯಲ್ಲಿ 2012ರಲ್ಲಿ ಸಿಕ್ಕ ಅಸ್ಥಿಪಂಜರ ದೊರೆ ಮೂರನೆಯ ರಿಚರ್ಡ್‌ನದೇ ಎಂದು ಪರೀಕ್ಷಿಸುವಾಗ ಹೀಗೆಯೇ ಆಯಿತು. ಆ ದೊರೆ ಯುದ್ಧದಲ್ಲಿ ಸತ್ತದ್ದು 1485ರಲ್ಲಿ. ಮೊದಲು ಬಂದ ರೇಡಿಯೊಕಾರ್ಬನ್ ಕಾಲ ಅದಕ್ಕಿಂತ ಕೆಲವು ದಶಕ ಹಿಂದಿನದಾಗಿತ್ತು. ಮೂಳೆಯಲ್ಲಿರುವ ಇಂಗಾಲ ಮತ್ತು ನೈಟ್ರೋಜನ್‌ಗಳ ಸ್ಥಿರ ಸಮಸ್ಥಾನಿಗಳು, ಅಂದರೆ ಒಂದೇ ಧಾತುವಿನ, ತೂಕದಲ್ಲಷ್ಟೇ ಬೇರೆಯಾದ, ಕ್ಷಯಿಸದ ಪರಮಾಣುಗಳು, ಆತ ಸಮುದ್ರದ ಆಹಾರವನ್ನು ಗಣನೀಯವಾಗಿ ತಿನ್ನುತ್ತಿದ್ದುದನ್ನು ತೋರಿಸಿದವು. ಆ ಪಾಲನ್ನು ಲೆಕ್ಕಕ್ಕೆ ತಂದು ತಿದ್ದಿದಾಗ 1485 ಹರವಿನೊಳಕ್ಕೆ ಬಂದಿತು. ಮೂಳೆಯನ್ನು ಕಾಲನಿರ್ಣಯಕ್ಕೆ ಕಳುಹಿಸುವಾಗ ಈ ಸ್ಥಿರ ಸಮಸ್ಥಾನಿಗಳ ಅಳತೆಯನ್ನೂ ಜೊತೆಗೇ ಕೇಳುವುದು ಅದಕ್ಕಾಗಿ.

ಒಂದೇ ವರ್ಷಕ್ಕೆ ತಲುಪುವ ದಾರಿ

ಮರದ ಉಂಗುರಗಳು ಈ ಶಾಸ್ತ್ರದ ಅತಿ ನಿಖರವಾದ ಅಳತೆಗೋಲು. ಒಳ್ಳೆಯ ಮಳೆಯ ವರ್ಷ ಅಗಲವಾದ ಉಂಗುರ, ಬರದ ವರ್ಷ ಕಿರಿದಾದದ್ದು. ಒಂದೇ ಹವೆಯಲ್ಲಿ ಬೆಳೆದ ಮರಗಳಲ್ಲೆಲ್ಲ ಈ ಅಗಲ–ಕಿರಿದಿನ ಸಾಲು ಒಂದೇ ಬಗೆಯಲ್ಲಿರುತ್ತದೆ. ಇಂದು ಬದುಕಿರುವ ಮರದ ಒಳಗಿನ ಉಂಗುರಗಳನ್ನು ಹಳೆಯ ಕಟ್ಟಡದ ತೊಲೆಯ ಹೊರಗಿನ ಉಂಗುರಗಳೊಂದಿಗೆ, ಅದರ ಒಳಗಿನವನ್ನು ಇನ್ನೂ ಹಳೆಯ ತೊಲೆಯೊಂದಿಗೆ ಹೊಂದಿಸುತ್ತ ಹಿಂದೆ ಹಿಂದೆ ಹೋಗಬಹುದು. ಖಗೋಳವಿಜ್ಞಾನಿ ಎ. ಇ. ಡಗ್ಲಸ್ ಸೂರ್ಯನ ಚಟುವಟಿಕೆಯನ್ನು ತಿಳಿಯಲೆಂದು ಈ ಕೆಲಸ ಆರಂಭಿಸಿದರು. 1929ರಲ್ಲಿ ಅರಿಜೋನಾದಲ್ಲಿ ಸಿಕ್ಕ ಒಂದು ಸುಟ್ಟ ತೊಲೆ, ಅದುವರೆಗೆ ಬೇರೆಬೇರೆಯಾಗಿದ್ದ ಎರಡು ಸರಣಿಗಳನ್ನು ಬೆಸೆಯಿತು, ಆ ಪ್ರದೇಶದ ಮೂಲನಿವಾಸಿಗಳ ಪ್ಯೂಬ್ಲೊ ವಸತಿಗಳ ನಿರ್ಮಾಣದ ವರ್ಷಗಳು ಒಮ್ಮೆಗೇ ತಿಳಿದವು. ಮಧ್ಯ ಯೂರೋಪಿನ ಓಕ್ ಮತ್ತು ಪೈನ್ ಮರಗಳ ಸರಣಿ 12,000 ವರ್ಷಗಳಿಗೂ ಹಿಂದಕ್ಕೆ ಹೋಗುತ್ತದೆ. ತೊಗಟೆಯ ಅಂಚು ಉಳಿದಿದ್ದರೆ ಮಾತ್ರ ಕಡಿದ ವರ್ಷ ಸಿಗುತ್ತದೆ, ಆದ್ದರಿಂದ ತೊಲೆಯನ್ನು ಸ್ವಚ್ಛ ಮಾಡುವಾಗ ಆ ಅಂಚನ್ನು ಕೆರೆಯಬಾರದು. ಋತುಗಳ ಭೇದ ಸ್ಪಷ್ಟವಿಲ್ಲದ ಕಡೆ ಅನೇಕ ಮರಗಳು ವರ್ಷಕ್ಕೊಂದು ಉಂಗುರವನ್ನು ಕ್ರಮವಾಗಿ ಮೂಡಿಸುವುದಿಲ್ಲ. ಅಲ್ಲಿ ಈ ವಿಧಾನ ಕಷ್ಟ.

2012ರಲ್ಲಿ ಜಪಾನಿನ ಫುಸಾ ಮಿಯಾಕೆ ಮತ್ತು ಸಂಗಡಿಗರು ಕ್ರಿ.ಶ. 774–775ರ ಉಂಗುರಗಳಲ್ಲಿ ಇಂಗಾಲ-14 ಥಟ್ಟನೆ ಏರಿದ್ದನ್ನು ಕಂಡರು. 993ರಲ್ಲೂ ಅಂತಹದೇ ಏರಿಕೆ ಇದೆ. ಜಗತ್ತಿನ ಎಲ್ಲ ಮರಗಳಲ್ಲೂ ಮೂಡಿರುವ ಈ ಗುರುತು ಕಾಲನಿರ್ಣಯಕ್ಕೆ ಹೊಸ ಮೊಳೆಯಾಯಿತು. ಕೆನಡಾದ ಲಾನ್ಸ್ ಓ ಮೆಡೋಸ್‌ನಲ್ಲಿ ಉತ್ತರ ಯೂರೋಪಿನ ಕಡಲಯಾನಿಗಳಾದ ವೈಕಿಂಗರು ಲೋಹದ ಕೊಡಲಿಯಿಂದ ಕಡಿದ ಮರದ ತುಂಡುಗಳಲ್ಲಿ ಸಂಶೋಧಕರು 993ರ ಗುರುತಿನ ಉಂಗುರವನ್ನು ಹುಡುಕಿ, ಅಲ್ಲಿಂದ ತೊಗಟೆಯವರೆಗೆ ಎಣಿಸಿದರು. ಮೂರು ಬೇರೆ ಬೇರೆ ಮರಗಳೂ ಒಂದೇ ವರ್ಷವನ್ನು ಹೇಳಿದವು: 1021. ಯೂರೋಪಿನವರು ಅಟ್ಲಾಂಟಿಕ್ ದಾಟಿ ಅಮೆರಿಕ ಖಂಡದಲ್ಲಿ ಇದ್ದ ಒಂದು ನಿಖರ ವರ್ಷ 2021ರಲ್ಲಿ ಹೀಗೆ ಪ್ರಕಟವಾಯಿತು. ಇಲ್ಲಿ ಮರ ಸತ್ತ ಘಟನೆಯೂ ಮನುಷ್ಯನ ಕೃತ್ಯವೂ ಒಂದೇ. ಕೊಡಲಿಯ ಗಾಯವೇ ಎರಡನ್ನೂ ಜೋಡಿಸುತ್ತದೆ. ಇಷ್ಟು ಗಟ್ಟಿಯಾದ ಜೋಡಣೆ ಅಪರೂಪ.

ಜೀವವಿಲ್ಲದ ವಸ್ತುಗಳಿಗೆ

ಮಡಕೆ ಚೂರು ಮತ್ತು ಮರಳಿಗೆ ದೀಪ್ತಿ ವಿಧಾನಗಳಿವೆ. ಮಣ್ಣಿನಲ್ಲಿರುವ ಯುರೇನಿಯಂ, ಥೋರಿಯಂ, ಪೊಟ್ಯಾಸಿಯಮ್‌ಗಳ ಅಲ್ಪ ವಿಕಿರಣ ಬೆಣಚುಕಲ್ಲಿನ ಕಣಗಳೊಳಗೆ ಎಲೆಕ್ಟ್ರಾನುಗಳನ್ನು ಸಿಕ್ಕಿಹಾಕಿಸುತ್ತ ಹೋಗುತ್ತದೆ. ಬಿಸಿ ಅಥವಾ ಬಿಸಿಲು ತಾಗಿದರೆ ಅವು ಬಿಡುಗಡೆಯಾಗಿ ಮಂದ ಬೆಳಕನ್ನು ಹೊಮ್ಮಿಸುತ್ತವೆ, ಲೆಕ್ಕ ಮತ್ತೆ ಸೊನ್ನೆಗೆ ಬರುತ್ತದೆ. ಹೊಮ್ಮಿದ ಬೆಳಕಿನಿಂದ ಕಣ ಪಡೆದ ಒಟ್ಟು ವಿಕಿರಣವನ್ನು ತಿಳಿದು, ಅದನ್ನು ವರ್ಷಕ್ಕೆ ಸಿಗುವ ವಿಕಿರಣದಿಂದ ಭಾಗಿಸಿದರೆ ಕಾಲ ಬರುತ್ತದೆ. ಒಟ್ಟು 60 ಗ್ರೇ (ಹೀರಿದ ವಿಕಿರಣದ ಅಳತೆಮಾನ), ಸಾವಿರ ವರ್ಷಕ್ಕೆ 3 ಗ್ರೇ ಎಂದಾದರೆ 20,000 ವರ್ಷ. ಬಿಸಿಲೇ ಲೆಕ್ಕವನ್ನು ಅಳಿಸುವುದರಿಂದ ಮಾದರಿಯನ್ನು ಕತ್ತಲಿನಲ್ಲೇ ತೆಗೆಯಬೇಕು. ಹೊಸದಾಗಿ ಕೆರೆದ ಗೋಡೆಗೆ ಉಕ್ಕಿನ ಕೊಳವೆಯನ್ನು ಬಡಿದು ಒಳಗಿಳಿಸಿ, ಹೊರತೆಗೆದ ಕೂಡಲೇ ಎರಡೂ ಬಾಯಿಗಳನ್ನು ಬೆಳಕು ನುಸುಳದಂತೆ ಮುಚ್ಚಿ. ಪ್ರಯೋಗಾಲಯದಲ್ಲಿ ಮಂದ ಕೆಂಪು ದೀಪದಡಿ ಕೊಳವೆಯ ಎರಡು ತುದಿಗಳ ಮಣ್ಣನ್ನು ಬಿಟ್ಟು ನಡುವಿನದನ್ನು ಬಳಸುತ್ತಾರೆ. ಕೊಳವೆ ಇದ್ದ ಜಾಗದ ಸುತ್ತಲಿನ, ಸುಮಾರು 30 ಸೆಂಟಿಮೀಟರ್ ವ್ಯಾಪ್ತಿಯ ಮಣ್ಣಿನ ವಿಕಿರಣವನ್ನೂ ತೇವವನ್ನೂ ಅಳೆಯುವುದನ್ನು ಮರೆಯಬಾರದು. ನೀರು ವಿಕಿರಣವನ್ನು ತಡೆಯುವುದರಿಂದ ತೇವದ ಅಂದಾಜು ತಪ್ಪಿದರೆ ಕಾಲವೂ ತಪ್ಪುತ್ತದೆ. ಪ್ರವಾಹದಲ್ಲಿ ರಾತ್ರೋರಾತ್ರಿ ಬಂದು ನಿಂತ ಮರಳಿನ ಕಣಗಳೆಲ್ಲ ಬಿಸಿಲು ಕಂಡಿರಲಾರವು. ಅಂತಹ ಕಡೆ ಕಣಗಳನ್ನು ಒಂದೊಂದಾಗಿ ಅಳೆದು, ಸರಿಯಾಗಿ ಸೊನ್ನೆಯಾದವನ್ನು ಬೇರ್ಪಡಿಸಬೇಕು.

ಇನ್ನೂ ಹಿಂದಕ್ಕೆ ಹೋಗಲು ಜ್ವಾಲಾಮುಖಿಯ ಬೂದಿ ನೆರವಾಗುತ್ತದೆ. ಪೊಟ್ಯಾಸಿಯಮ್-40ರ ಅರ್ಧಾಯುಷ್ಯ, ಅಂದರೆ ಅದರಲ್ಲಿ ಅರ್ಧ ಕ್ಷಯಿಸಲು ಹಿಡಿಯುವ ಕಾಲ, 125 ಕೋಟಿ ವರ್ಷ. ಅದರಿಂದ ಹುಟ್ಟುವ ಆರ್ಗಾನ್ ಅನಿಲ ಕರಗಿದ ಬಂಡೆಯಿಂದ ಹಾರಿಹೋಗುತ್ತದೆ, ಗಟ್ಟಿಯಾದ ಬಂಡೆಯಲ್ಲಿ ಸೆರೆಯಾಗುತ್ತದೆ. ತಾಂಜೇನಿಯಾದ ಓಲ್ಡುವಾಯಿ ಕಣಿವೆಯ ಮಾನವ ಪೂರ್ವಜನ ಪಳೆಯುಳಿಕೆಗೆ 1961ರಲ್ಲಿ ಸುಮಾರು 17.5 ಲಕ್ಷ ವರ್ಷ ಎಂದು ಲೆಕ್ಕ ಸಿಕ್ಕಿದ್ದು ಹೀಗೆ. ಅಳೆದದ್ದು ಪಳೆಯುಳಿಕೆಯನ್ನಲ್ಲ, ಅದಿದ್ದ ಪದರದ ಬೂದಿಯನ್ನು. ಇದರ ಸುಧಾರಿತ ರೂಪವಾದ ಆರ್ಗಾನ್–ಆರ್ಗಾನ್ ವಿಧಾನವನ್ನು 1997ರಲ್ಲಿ ಕ್ರಿ.ಶ. 79ರ ವೆಸೂವಿಯಸ್ ಸ್ಫೋಟದ ಹರಳುಗಳ ಮೇಲೆ ಪರೀಕ್ಷಿಸಿದಾಗ 1925 ± 94 ವರ್ಷ ಎಂದು ಬಂದಿತು. ನಿಜವಾದ ವರ್ಷ ಅದರೊಳಗೇ ಇದೆ.

ಗುಹಾಚಿತ್ರಗಳಿಗೆ ಯುರೇನಿಯಂ–ಥೋರಿಯಂ ವಿಧಾನ. ಯುರೇನಿಯಂ ನೀರಿನಲ್ಲಿ ಕರಗುತ್ತದೆ, ಥೋರಿಯಂ ಕರಗುವುದಿಲ್ಲ. ಹಾಗಾಗಿ ಗುಹೆಯಲ್ಲಿ ಹೊಸದಾಗಿ ಮೂಡಿದ ಸುಣ್ಣದ ಪದರದಲ್ಲಿ ಥೋರಿಯಂ ಬಹುತೇಕ ಇರುವುದಿಲ್ಲ. ನಂತರ ಸೇರಿದ್ದೆಲ್ಲ ಯುರೇನಿಯಂನಿಂದ ಹುಟ್ಟಿದ್ದು. ಚಿತ್ರದ ಮೇಲೆ ಕಟ್ಟಿದ ಸುಣ್ಣದ ಕಾಲ ಗೊತ್ತಾದರೆ ಚಿತ್ರ ಅದಕ್ಕಿಂತ ಹಳೆಯದೆಂದಾಯಿತು, ಎಷ್ಟು ಹಳೆಯದೆಂದು ತಿಳಿಯದು. ಇಂಡೋನೇಷ್ಯಾದ ಸುಲವೇಸಿಯ ಲಿಯಾಂಗ್ ಕರಂಪುವಾಂಗ್ ಗುಹೆಯ ಚಿತ್ರಕ್ಕೆ 2024ರಲ್ಲಿ ಬಂದ 51,200 ವರ್ಷ ಎಂಬುದು ಇಂತಹ ಕನಿಷ್ಠ ವಯಸ್ಸು. 'ಕನಿಷ್ಠ' ಎಂಬ ಮಾತನ್ನು ಬಿಟ್ಟು ಇಂತಹ ಅಂಕಿಗಳನ್ನು ಬರೆಯುವುದು ಓದುಗರಿಗೆ ಮಾಡುವ ಅನ್ಯಾಯ. ಆಳವಾಗಿ ಹೂತ ಬೆಣಚಿನ ಉಪಕರಣಗಳಿಗೆ ವಿಶ್ವಕಿರಣದಿಂದ ಹುಟ್ಟಿದ ಅಲ್ಯೂಮಿನಿಯಂ-26 ಮತ್ತು ಬೆರಿಲಿಯಂ-10ರ ಅನುಪಾತವನ್ನು ನೋಡುತ್ತಾರೆ. ತಮಿಳುನಾಡಿನ ಅತ್ತಿರಂಪಾಕ್ಕಂನ ಕಲ್ಲಿನ ಕೊಡಲಿಗಳು ಸುಮಾರು 15 ಲಕ್ಷ ವರ್ಷ ಹಳೆಯವೆಂದು 2011ರಲ್ಲಿ ತಿಳಿದದ್ದು ಈ ಮಾರ್ಗದಲ್ಲಿ.

ಕಾಲದ ಆಚೆಗೆ

ಕಾಲ ತಿಳಿದ ಮೇಲೆ ಬದುಕನ್ನು ತಿಳಿಯಬೇಕು. ಹಲ್ಲಿನ ಎನಾಮೆಲ್ ಬಾಲ್ಯದಲ್ಲಿ ರೂಪುಗೊಂಡ ಮೇಲೆ ಬದಲಾಗುವುದಿಲ್ಲ. ಅದರಲ್ಲಿರುವ ಸ್ಟ್ರಾಂಶಿಯಂ ಸಮಸ್ಥಾನಿಗಳು ಬೆಳೆದ ನೆಲದ ಬಂಡೆಯ ಗುರುತನ್ನು ಹೊತ್ತಿರುತ್ತವೆ. ಹೂಳಿದ ನೆಲದ ಗುರುತಿಗೆ ಅದು ಹೊಂದದಿದ್ದರೆ ಆ ವ್ಯಕ್ತಿ ಬೇರೆಡೆಯಿಂದ ಬಂದವರು. ಮಡಕೆಯ ಒಳಮೈಗೆ ಇಂಗಿದ ಕೊಬ್ಬು ಹಾಲಿನದೋ ಮಾಂಸದ್ದೋ ಎಂಬುದನ್ನು ಗುರುತಿಸಬಹುದು, ಆದ್ದರಿಂದ ಎಲ್ಲ ಚೂರುಗಳನ್ನೂ ತೊಳೆಯದೆ ಕೆಲವನ್ನು ಮಣ್ಣಿನೊಂದಿಗೇ ಎತ್ತಿಡಿ. ಡಿಎನ್‌ಎ ಪರೀಕ್ಷೆಗೆಂದರೆ ಕೈಗವಸು, ಮುಖಕವಚ ಧರಿಸಿ, ಕಿವಿಯ ಒಳಭಾಗವನ್ನು ಸುತ್ತಿರುವ ಗಟ್ಟಿ ಮೂಳೆಯನ್ನು ಆರಿಸಬೇಕು. ಅಲ್ಲಿ ಅದು ಹೆಚ್ಚು ಉಳಿಯುತ್ತದೆ. ಸೈಬೀರಿಯದ ಡೆನಿಸೋವಾ ಗುಹೆಯ ಒಂದು ಬೆರಳಿನ ಮೂಳೆಯಿಂದ ಅದುವರೆಗೆ ಯಾರೂ ಅರಿಯದ ಮಾನವ ಕುಲವೊಂದು 2010ರಲ್ಲಿ ಪತ್ತೆಯಾಯಿತು. ಆ ಸಂಶೋಧನೆಯನ್ನು ಮುನ್ನಡೆಸಿದ ಸ್ವಾಂಟೆ ಪಾಬೊ ಅವರಿಗೆ 2022ರಲ್ಲಿ ನೊಬೆಲ್ ದೊರೆಯಿತು.

ಒಂದೇ ದೇಹದ ಮೇಲೆ ಈ ಎಲ್ಲ ವಿಧಾನಗಳೂ ಸೇರಿದರೆ ಏನಾಗುತ್ತದೆ ಎಂಬುದಕ್ಕೆ ಆಲ್ಪ್ಸ್ ಪರ್ವತದ ಹಿಮದಲ್ಲಿ 1991ರಲ್ಲಿ ಸಿಕ್ಕ, ಓಟ್ಜಿ ಎಂದು ಕರೆಯಲಾಗುವ ಮನುಷ್ಯನ ದೇಹ ಸಾಕ್ಷಿ. ರೇಡಿಯೊಕಾರ್ಬನ್ ಆತನನ್ನು ಸುಮಾರು 5,300 ವರ್ಷ ಹಿಂದಕ್ಕೆ ಇಟ್ಟಿತು. ಹೊಟ್ಟೆಯಲ್ಲಿದ್ದ ಪರಾಗ ಸತ್ತ ಋತುವನ್ನು, ಉಳಿದ ಆಹಾರ ಕೊನೆಯ ಊಟದಲ್ಲಿ ಕಾಡುಮೇಕೆಯ ಮಾಂಸವೂ ಗೋಧಿಯೂ ಇದ್ದುದನ್ನು ಹೇಳಿದವು. ತಾಮ್ರದ ಕೊಡಲಿಯಲ್ಲಿನ ಸೀಸದ ಸಮಸ್ಥಾನಿಗಳು ಅದಿರು ಇಟಲಿಯ ಟಸ್ಕನಿಯದೆಂದು ತೋರಿಸಿದವು. ಎಡ ಭುಜದಲ್ಲಿ ಹೂತಿದ್ದ ಬಾಣದ ಮೊನೆ ಕ್ಷ-ಕಿರಣದಲ್ಲಿ ಕಂಡದ್ದು 2001ರಲ್ಲಿ, ದೇಹ ಸಿಕ್ಕಿ ಹತ್ತು ವರ್ಷಗಳಾದ ಮೇಲೆ. ಆತ ಚಳಿಗೆ ಸತ್ತನೆಂದು ಅದುವರೆಗೆ ಅನೇಕರು ನಂಬಿದ್ದರು.

ಒಂದು ವಿಧಾನವನ್ನು ಇನ್ನೊಂದರಿಂದ ಪರೀಕ್ಷಿಸುವುದು

ಒಂದೇ ವಿಧಾನದ ಮೇಲೆ ದೊಡ್ಡ ತೀರ್ಮಾನವನ್ನು ನಿಲ್ಲಿಸಬಾರದು. ಆರಿಸುವ ಎರಡನೆಯ ವಿಧಾನ ಮೊದಲನೆಯದರ ದೌರ್ಬಲ್ಯವನ್ನು ಹಂಚಿಕೊಳ್ಳದಂಥದ್ದಾಗಿರಬೇಕು. ಅಮೆರಿಕದ ನ್ಯೂ ಮೆಕ್ಸಿಕೊದ ವೈಟ್ ಸ್ಯಾಂಡ್ಸ್‌ನಲ್ಲಿ ಒಣಗಿದ ಕೆರೆಯ ಅಂಚಿನಲ್ಲಿ ಸಿಕ್ಕ ಮನುಷ್ಯರ ಹೆಜ್ಜೆಗುರುತುಗಳು 21,000ರಿಂದ 23,000 ವರ್ಷ ಹಳೆಯವೆಂದು 2021ರಲ್ಲಿ ಪ್ರಕಟವಾಯಿತು. ಹೆಜ್ಜೆಗಳ ಮೇಲಿನ ಮತ್ತು ಕೆಳಗಿನ ಪದರಗಳಲ್ಲಿದ್ದ ನೀರುಗಿಡದ ಬೀಜಗಳನ್ನು ಅಳೆಯಲಾಗಿತ್ತು. ಆ ಖಂಡಕ್ಕೆ ಮನುಷ್ಯರು ಬಂದದ್ದು ಅದಕ್ಕಿಂತ ಸಾವಿರಾರು ವರ್ಷ ಈಚೆಗೆ ಎಂಬ ನಂಬಿಕೆ ಬಲವಾಗಿದ್ದುದರಿಂದ ಆಕ್ಷೇಪ ಬಂದಿತು. ನೀರುಗಿಡಗಳು ಸುಣ್ಣಕಲ್ಲಿನಿಂದ ನೀರಿಗೆ ಕರಗಿ ಬಂದ ಹಳೆಯ ಇಂಗಾಲವನ್ನೂ ಹೀರುತ್ತವೆ, ಬೀಜಗಳು ಹುಸಿಯಾಗಿ ಹಳೆಯವೆನಿಸಿರಬಹುದು ಎಂಬುದು ಆಕ್ಷೇಪದ ತಿರುಳು. ಅದು ನ್ಯಾಯವಾದ ಆಕ್ಷೇಪವೇ. ಸಂಶೋಧಕರು ಅದನ್ನು ತಳ್ಳಿಹಾಕದೆ ಮತ್ತೆ ಅಲ್ಲಿಗೆ ಹೋದರು. ಗಾಳಿಯಿಂದಷ್ಟೇ ಇಂಗಾಲ ಪಡೆಯುವ ನೆಲದ ಮರಗಳ ಪರಾಗವನ್ನು ಸಾವಿರಾರು ಕಣಗಳಂತೆ ಬೇರ್ಪಡಿಸಿ ಅಳೆದರು, ಇಂಗಾಲಕ್ಕೆ ಸಂಬಂಧವೇ ಇಲ್ಲದ ದೀಪ್ತಿ ವಿಧಾನದಿಂದ ಬೆಣಚಿನ ಕಣಗಳನ್ನೂ ಪರೀಕ್ಷಿಸಿದರು. 2023ರಲ್ಲಿ ಪ್ರಕಟವಾದ ಎರಡೂ ಫಲಿತಾಂಶಗಳು ಮೊದಲಿನ ಕಾಲಕ್ಕೆ ಹೊಂದಿದವು.

ವರದಿ ಬರೆಯುವಾಗ ಪ್ರಯೋಗಾಲಯ ಕೊಟ್ಟ ಸಂಕೇತ ಸಂಖ್ಯೆ, ತಿದ್ದದ ಅಂಕಿ, ± ಪ್ರಮಾಣ, ಬಳಸಿದ ತಿದ್ದುಪಡಿ ರೇಖೆಯ ಹೆಸರು, ಮಾದರಿ ಯಾವ ವಸ್ತು, ಯಾವ ಪದರದ್ದು ಎಂಬುದನ್ನೆಲ್ಲ ಕೊಡಿ. ತಿದ್ದುಪಡಿಯ ರೇಖೆಗಳು ಕೆಲವು ವರ್ಷಗಳಿಗೊಮ್ಮೆ ಪರಿಷ್ಕೃತವಾಗುತ್ತವೆ. ಮೂಲ ಅಂಕಿ ಇದ್ದರೆ ಮುಂದಿನವರು ಮತ್ತೆ ಲೆಕ್ಕ ಹಾಕಬಲ್ಲರು. ಹೊಂದದೆ ಬಂದ ಅಂಕಿಗಳನ್ನೂ ಕಾರಣದ ಊಹೆಯೊಂದಿಗೆ ಪ್ರಕಟಿಸಿ, ಅಡಗಿಸಬೇಡಿ. ಕೊನೆಯದಾಗಿ, ಸಿಕ್ಕ ಮಾದರಿಯನ್ನೆಲ್ಲ ಬಳಸಿಬಿಡದೆ ಒಂದು ಪಾಲನ್ನು, ಸಾಧ್ಯವಾದರೆ ನೆಲದ ಒಂದು ಭಾಗವನ್ನೂ ಅಗೆಯದೆ ಉಳಿಸಿ. ಗ್ರೀಸಿನ ಆಂಟಿಕಿಥೆರಾ ದ್ವೀಪದ ಬಳಿಯ ಹಡಗಿನ ಅವಶೇಷದಿಂದ 1901ರಲ್ಲಿ ಮೇಲಕ್ಕೆ ಬಂದ ತುಕ್ಕು ಹಿಡಿದ ಕಂಚಿನ ಗಟ್ಟಿಯನ್ನು ಅಂದು ಒಡೆದು ನೋಡಿ ಎಸೆಯದೆ ಇಟ್ಟಿದ್ದರಿಂದಲೇ, 2005ರಲ್ಲಿ ಕ್ಷ-ಕಿರಣದ ಪದರ ಚಿತ್ರಣದ ಮೂಲಕ ಅದರೊಳಗಿನ ಹಲ್ಲುಚಕ್ರಗಳನ್ನೂ ಎರಡು ಸಾವಿರ ವರ್ಷಗಳಿಂದ ಯಾರೂ ಓದದಿದ್ದ ಅಕ್ಷರಗಳನ್ನೂ ಕಾಣಲು ಸಾಧ್ಯವಾಯಿತು.